ಮಕ್ಕಳ ಮೇಲೆ ರೇಗುತ್ತೇನೆ, ನಾನು ಕೆಟ್ಟ ತಾಯಿಯಾ?

ಪ್ರಶ್ನೆ: ನನಗೆ ಏಳು ವರ್ಷದ ಮಗಳು, ಮೂರು ವರ್ಷದ ಮಗ ಇದ್ದಾರೆ. ಗಂಡ ದಿನಾ ಹೊಡೆಯುವುದಿಲ್ಲ. ಒಂದೆರಡು ತಿಂಗಳು ಸುಮ್ಮನಿರುತ್ತಾರೆ, ಆಮೇಲೆ ಯಾವುದೋ ಸಣ್ಣ ಮಾತಿಗೆ ಕೈ ಎತ್ತುತ್ತಾರೆ. ಒಮ್ಮೆ ಕುತ್ತಿಗೆ ಹಿಡಿದಿದ್ದರು. ಫೋನ್ ತೆಗೆದು ನೋಡುತ್ತಾರೆ, ಒಂದೊಂದು ಖರ್ಚಿಗೂ ಲೆಕ್ಕ ಕೇಳುತ್ತಾರೆ. ನನಗೀಗ ನಿದ್ದೆ ಇಲ್ಲ. ಗಾಡಿ ಸದ್ದು ಕೇಳಿದರೆ ಎದೆ ಡವಡವ. ಒಲೆ ಮೇಲೆ ಇಟ್ಟಿದ್ದು ಮರೆತುಹೋಗುತ್ತದೆ. ಎಲ್ಲಕ್ಕಿಂತ ಜಾಸ್ತಿ ಕಾಡುವುದು ಮಕ್ಕಳ ವಿಷಯ. ಸಣ್ಣದಕ್ಕೂ ಕಿರುಚುತ್ತೇನೆ. ಹೋದ ವಾರ ಮಗಳ ಕೆನ್ನೆಗೆ ಹೊಡೆದೆ. ‘ನೀನೂ ಅಪ್ಪನ ಥರಾನೇ’ ಅಂದಳು. ಡಾಕ್ಟರು ಟೆನ್ಷನ್ ಅಂತ ನಿದ್ದೆ ಮಾತ್ರೆ ಕೊಟ್ಟಿದ್ದಾರೆ. ಹೊಡೆತದ ವಿಷಯ ಅವರಿಗೆ ಹೇಳಿಲ್ಲ. ಮನೆಯವರು ‘ಮಕ್ಕಳಿಗೋಸ್ಕರ ಸಹಿಸಿಕೋ’ ಅನ್ನುತ್ತಾರೆ. ನನಗೆ ಹುಚ್ಚು ಹಿಡಿಯುತ್ತಿದೆಯಾ? ನಾನು ಕೆಟ್ಟ ತಾಯಿಯಾ?

ಉತ್ತರ: ಎರಡೂ ಪ್ರಶ್ನೆಗೆ ನನ್ನ ಉತ್ತರ ‘ಇಲ್ಲ’. ಯಾಕೆ ಅಂತ ಹೇಳುತ್ತೇನೆ. ಆದರೆ ನೀವು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋದ ವಿಷಯ ಒಂದಿದೆ. ಮೊದಲು ಅದು.

ಒಮ್ಮೆ ಕುತ್ತಿಗೆ ಹಿಡಿದಿದ್ದರು ಅಂದಿರಿ. ಹತ್ತು ಏಟಿನಲ್ಲಿ ಅದೂ ಒಂದು ಅನ್ನುವ ಹಾಗೆ ಬರೆದಿದ್ದೀರಿ. ನಾವು ಹಾಗೆ ನೋಡುವುದಿಲ್ಲ. ಅಮೆರಿಕದಲ್ಲಿ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಸಂಗಾತಿ ಕತ್ತು ಹಿಸುಕಿದ್ದ ಹೆಂಗಸರು ಮುಂದೆ ಅವನ ಕೈಯಲ್ಲೇ ಕೊಲೆಯಾಗುವ ಸಾಧ್ಯತೆ, ಹಾಗಾಗದ ಹೆಂಗಸರಿಗಿಂತ ಏಳು ಪಟ್ಟು ಜಾಸ್ತಿ ಇರುವುದು ಕಂಡಿತು. ಕತ್ತಿನ ಮೇಲೆ ಗುರುತು ಬೀಳದಿದ್ದರೂ ಒಳಗೆ ಊತ ಬರಬಹುದು, ರಕ್ತನಾಳಕ್ಕೆ ಪೆಟ್ಟಾಗಿರಬಹುದು. ಅದರ ತೊಂದರೆ ಕೆಲವು ದಿನ ಬಿಟ್ಟು ಕಾಣಿಸಿಕೊಳ್ಳಬಹುದು. ಇನ್ನೊಮ್ಮೆ ಹಾಗಾದರೆ, ಧ್ವನಿ ಒಡೆದರೆ, ನುಂಗುವಾಗ ನೋವಾದರೆ, ಕಣ್ಣು ಮಂಜಾದರೆ, ಕೈಕಾಲಿಗೆ ಬಲ ಇಲ್ಲ ಅನ್ನಿಸಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಏನೂ ಅನ್ನಿಸದಿದ್ದರೂ ಹೋಗಿ. ‘ಕುತ್ತಿಗೆ ಒತ್ತಿದ್ದರು’ ಅನ್ನುವ ಮಾತನ್ನು ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ಅವರು ಹುಡುಕುವುದಿಲ್ಲ.

ಕೊಲ್ಲುತ್ತೇನೆ ಅನ್ನುವುದು, ಚಾಕು ಅಥವಾ ಬೇರೆ ಆಯುಧ ತೋರಿಸುವುದು, ಬಸುರಿಯಾಗಿದ್ದಾಗ ಹೊಡೆಯುವುದು, ಎಲ್ಲಿ ಹೋದರೂ ಹಿಂದೆ ಬರುವುದು, ‘ನೀನು ಬಿಟ್ಟು ಹೋದರೆ ನಾನೂ ಸಾಯುತ್ತೇನೆ’ ಅನ್ನುವುದು, ಏಟುಗಳ ನಡುವಿನ ಅಂತರ ಕಡಿಮೆಯಾಗುತ್ತಾ ಬರುವುದು. ಇವೂ ಅದೇ ಸಾಲಿಗೆ ಸೇರುತ್ತವೆ. ನಿಮ್ಮನ್ನು ಹೆದರಿಸಲು ಇದನ್ನು ಹೇಳುತ್ತಿಲ್ಲ. ಹೆದರಿಕೆ ನಿಮಗೆ ಆಗಲೇ ಇದೆ. ಆ ಹೆದರಿಕೆ ಸುಳ್ಳಲ್ಲ ಅಂತ ಹೇಳಬೇಕಿತ್ತು. ಎದುರಿಗಿರುವ ಅಪಾಯವನ್ನು ನಿಮ್ಮ ಮೈ ಸರಿಯಾಗಿಯೇ ಅಳೆಯುತ್ತಿದೆ.

ಹುಚ್ಚಿನ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಮೆದುಳಿನ ಒಳಗೆ ಬಾದಾಮಿಯಷ್ಟು ಪುಟ್ಟ ಜಾಗವೊಂದಿದೆ, ಅಮಿಗ್ಡಲಾ ಅಂತ ಹೆಸರು. ಗಾಡಿ ಸದ್ದು ಕೇಳಿ ‘ಓ, ಬಂದರು’ ಅಂತ ನೀವು ಅಂದುಕೊಳ್ಳುವ ಮೊದಲೇ ಅದು ಗಂಟೆ ಬಾರಿಸಿರುತ್ತದೆ. ಅಡ್ರಿನಲಿನ್ ಹರಿಯುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಹೊಟ್ಟೆ ಹಿಡಿದ ಹಾಗಾಗುತ್ತದೆ. ಹಿಂದೆಯೇ ಕಾರ್ಟಿಸಾಲ್ ಬರುತ್ತದೆ. ಮೈಯನ್ನು ಇನ್ನಷ್ಟು ಹೊತ್ತು ಎಚ್ಚರವಾಗಿ ಇಡುವುದು ಅದರ ಕೆಲಸ. ರಸ್ತೆಯಲ್ಲಿ ನಾಯಿ ಅಟ್ಟಿಸಿಕೊಂಡು ಬಂದರೆ ಈ ಏರ್ಪಾಡು ಜೀವ ಉಳಿಸುತ್ತದೆ. ನಾಯಿ ಹೋದ ಮೇಲೆ ಸ್ವಲ್ಪ ಹೊತ್ತಿನಲ್ಲಿ ಎಲ್ಲ ಇಳಿಯುತ್ತದೆ. ಅಪಾಯ ಮನೆಯೊಳಗೇ ಇದ್ದರೆ ಇಳಿಯಲು ಪುರುಸೊತ್ತೇ ಸಿಗುವುದಿಲ್ಲ. ಕಾವಲುಗಾರ ಎರಡು ದಿನ ನಿದ್ದೆಗೆಟ್ಟರೆ ಸುಸ್ತು ಅನ್ನುತ್ತೇವೆ. ನೀವು ವರ್ಷಗಟ್ಟಲೆ ಕಾವಲು ಕೂತಿದ್ದೀರಿ.

‘ದಿನಾ ಹೊಡೆಯುವುದಿಲ್ಲ’ ಅಂತ ಗಂಡನ ಪರವಾಗಿ ಒಂದು ಮಾತು ಹೇಳಿದ್ದೀರಿ. ಮೈಗೆ ಮಾತ್ರ ಇದು ಕಡಿಮೆ ಭಾರವಲ್ಲ. ಯಾವತ್ತು ಬೀಳುತ್ತದೆ ಅಂತ ಗೊತ್ತಿಲ್ಲದ ಏಟಿಗೆ ಮೈ ಎಲ್ಲ ದಿನವೂ ತಯಾರಾಗಿರಬೇಕು. ಲೆನೋರ್ ವಾಕರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞೆ ಏಟು ತಿಂದ ಹೆಂಗಸರ ಮಾತು ಕೇಳಿಸಿಕೊಂಡು, 1979ರಲ್ಲಿ ಇದನ್ನು ಚಕ್ರ ಅಂತ ವಿವರಿಸಿದರು. ಮೊದಲು ಮನೆಯಲ್ಲಿ ಬಿಗುವು ಏರುತ್ತದೆ, ಆಮೇಲೆ ಸ್ಫೋಟ, ಆಮೇಲೆ ಅಳು, ಕ್ಷಮೆ, ಉಡುಗೊರೆ. ಎಲ್ಲ ಮನೆಯಲ್ಲೂ ಚಕ್ರ ಹೀಗೇ ತಿರುಗುವುದಿಲ್ಲ. ಕ್ಷಮೆ ಕೇಳುವ ಹಂತ ಬರದೇ ಇರುವ ಮನೆಗಳೂ ಬೇಕಾದಷ್ಟಿವೆ. ಆದರೆ ಬಿಗುವಿನ ಹಂತವನ್ನು ಬಹಳ ಜನ ಗುರುತಿಸುತ್ತಾರೆ. ಚಪ್ಪಲಿ ಬಿಟ್ಟ ಸದ್ದಿನಲ್ಲೇ ಇವತ್ತು ಮೂಡು ಹೇಗಿದೆ ಅಂತ ಹೇಳಬಲ್ಲ ಹೆಂಗಸರನ್ನು ನಾನು ಕಂಡಿದ್ದೇನೆ.

ಹೆಂಗಸರು ಹೇಳಲು ನಾಚುವ ಒಂದು ಮಾತನ್ನು ನಾನೇ ಹೇಳಿಬಿಡುತ್ತೇನೆ. ಏಟು ಬಿದ್ದ ರಾತ್ರಿ ಚೆನ್ನಾಗಿ ನಿದ್ದೆ ಬಂತು ಅನ್ನುವವರಿದ್ದಾರೆ. ಇನ್ನು ಕೆಲವರು, ಕಾಯಲಾರದೆ, ತಾವೇ ಜಗಳ ಎಬ್ಬಿಸಿ ‘ಆಗಿಹೋಗಲಿ’ ಅಂದುಕೊಂಡದ್ದುಂಟು. ಆಮೇಲೆ ‘ನಾನೇ ಕೆಣಕಿದೆ, ತಪ್ಪು ನನ್ನದೇ’ ಅಂತ ಕೊರಗುತ್ತಾರೆ. ತಪ್ಪು ಅವರದಲ್ಲ. ಕಾಯುವುದು ಏಟಿಗಿಂತ ಕಷ್ಟ, ಅಷ್ಟೇ.

ಈಗ ಮಕ್ಕಳ ವಿಷಯ. ನನ್ನ ಹತ್ತಿರ ಬರುವ ತಾಯಂದಿರನ್ನು ನಾನು ಮೊದಲು ಕೇಳುವುದು ‘ಯಾಕೆ ಕಿರುಚಿದಿರಿ’ ಅಂತ ಅಲ್ಲ. ‘ಎಷ್ಟು ಗಂಟೆಗೆ’ ಅಂತ. ನೀವೂ ಒಂದು ವಾರ ಗಮನಿಸಿ. ಬರೆದಿಡಬೇಡಿ, ಯಾರಾದರೂ ನೋಡಿದರೆ ಕಷ್ಟ. ಸುಮ್ನೆ ನೆನಪಿಟ್ಟುಕೊಳ್ಳಿ. ಬಹಳ ತಾಯಂದಿರಲ್ಲಿ ಬೆಳಗ್ಗೆ ಮಗು ಹಾಲು ಚೆಲ್ಲಿದರೆ ಒರೆಸಿ ಹೋಗುವ ಕೈ, ಸಂಜೆ ಗಂಡ ಬರುವ ಅರ್ಧ ಗಂಟೆ ಮುಂಚೆ ಅದೇ ಹಾಲಿಗೆ ಏಳುತ್ತದೆ. ಆಟದ ಸಾಮಾನು ಹರಡಿದ್ದರೆ, ಟಿವಿ ಜೋರಾಗಿದ್ದರೆ, ಮಗು ಹಟ ಹಿಡಿದರೆ ಆಮೇಲೆ ಏನಾಗಬಹುದು ಅಂತ ನಿಮಗೆ ಗೊತ್ತು. ಅದಕ್ಕೇ ಗದರುತ್ತೀರಿ. ‘ಸುಮ್ನಿರು, ಸುಮ್ನಿರು, ಅಪ್ಪ ಬರ್ತಾರೆ’ ಅನ್ನುವ ಕೂಗಿನ ಒಳಗೆ ಮಗುವನ್ನು ಕಾಪಾಡುವ ಆತುರ ಇದೆ. ದೊಡ್ಡ ಏಟು ತಪ್ಪಿಸಲು ಸಣ್ಣ ಏಟು ಕೊಡುವ ಲೆಕ್ಕಾಚಾರ ಅದು. ಕೆಟ್ಟ ಲೆಕ್ಕಾಚಾರ. ಆದರೆ ಪ್ರೀತಿ ಇಲ್ಲದವರು ಮಾಡುವ ಲೆಕ್ಕಾಚಾರ ಅಲ್ಲ.

ಹಾಗಂತ ಮಗಳಿಗೆ ಹೊಡೆದದ್ದು ಸರಿ ಅಂತ ನಾನು ಹೇಳುವುದಿಲ್ಲ. ಹೊಡೆತದ ಹಿಂದೆ ಹೆದರಿಕೆ ಇದೆಯೋ ದರ್ಪ ಇದೆಯೋ ಅನ್ನುವುದು ನಮಗೆ ದೊಡ್ಡ ವ್ಯತ್ಯಾಸ. ಮಗುವಿನ ಕೆನ್ನೆಗೆ ಆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಹೊಡೆತ ತಿನ್ನುವ ತಾಯಂದಿರೆಲ್ಲ ಮಕ್ಕಳ ಮೇಲೆ ರೇಗುತ್ತಾರೆ ಅನ್ನುವುದೂ ನಿಜ ಅಲ್ಲ. ಅಧ್ಯಯನಗಳಲ್ಲಿ ಮೂರು ಥರದವರೂ ಕಂಡಿದ್ದಾರೆ. ಕೆಲವರಲ್ಲಿ ಸಿಡುಕು ಜಾಸ್ತಿ, ಕೆಲವರು ಮರಗಟ್ಟಿದ ಹಾಗೆ ದೂರ ಉಳಿಯುತ್ತಾರೆ, ಇನ್ನು ಕೆಲವರು ಮನೆಯಲ್ಲಿ ಸಿಗದ ನೆಮ್ಮದಿಯನ್ನು ತುಂಬಿಕೊಡಬೇಕು ಅಂತ ಮಕ್ಕಳಿಗೆ ಎರಡು ಪಟ್ಟು ಗಮನ ಕೊಡುತ್ತಾರೆ. ಒಬ್ಬಳೇ ತಾಯಿ ಒಂದೇ ದಿನದಲ್ಲಿ ಈ ಮೂರೂ ಆಗಿರಬಹುದು.

ಇನ್ನೊಂದು ಮಾತು. ನಿಮ್ಮ ತಾಯ್ತನದ ಮೇಲೆ ನಿಮಗೇ ಅನುಮಾನ ಹುಟ್ಟಿದ್ದು ಸುಮ್ಮನೆ ಅಲ್ಲ. 1984ರಲ್ಲಿ ಅಮೆರಿಕದ ಡುಲುತ್ ಎಂಬ ಊರಿನಲ್ಲಿ, ಹಿಂಸೆ ಅನುಭವಿಸಿದ ಹೆಂಗಸರು ಹೇಳಿದ್ದನ್ನೇ ಇಟ್ಟುಕೊಂಡು ಒಂದು ಚಕ್ರದ ಚಿತ್ರ ಮಾಡಿದರು. ಗಂಡಸು ಹಿಡಿತ ಸಾಧಿಸುವ ಎಂಟು ದಾರಿಗಳನ್ನು ಅದರಲ್ಲಿ ಬರೆದಿದ್ದಾರೆ. ಹಣದ ಮೇಲೆ ಹಿಡಿತ ಒಂದು, ಎಲ್ಲರಿಂದ ದೂರ ಮಾಡುವುದು ಒಂದು. ಮಕ್ಕಳನ್ನು ಬಳಸಿಕೊಳ್ಳುವುದೂ ಒಂದು. ಮಕ್ಕಳ ಮುಂದೆ ‘ನಿಮ್ಮಮ್ಮನಿಗೆ ತಲೆ ಸರಿ ಇಲ್ಲ’ ಅನ್ನುವುದು, ನೀವು ಬೇಡ ಅಂದದ್ದನ್ನು ಬೇಕಂತಲೇ ಕೊಡಿಸುವುದು, ಅಮ್ಮ ಎಲ್ಲಿಗೆ ಹೋಗಿದ್ದಳು ಅಂತ ಮಗುವನ್ನೇ ಕೇಳುವುದು, ‘ಬಿಟ್ಟು ಹೋದರೆ ಮಕ್ಕಳು ಸಿಗುವುದಿಲ್ಲ’ ಅನ್ನುವುದು. ಇದೆಲ್ಲ ನಿಮ್ಮ ಮನೆಯಲ್ಲಿ ನಡೆದಿದೆಯಾ? ನೀವು ಬರೆದಿಲ್ಲ. ಫೋನು, ಖರ್ಚಿನ ಲೆಕ್ಕ ಇರುವ ಕಡೆ ಇದೂ ಇರುವುದು ಹೆಚ್ಚು, ಅದಕ್ಕೇ ಕೇಳಿದೆ.

ಮರೆವಿನ ಬಗ್ಗೆ ಸ್ವಲ್ಪ. ನಿದ್ದೆ ಇಲ್ಲದಿದ್ದರೆ, ಮನಸ್ಸು ಯಾವಾಗಲೂ ಬಾಗಿಲ ಕಡೆಗೇ ಇದ್ದರೆ ಒಲೆ ಮೇಲಿಟ್ಟದ್ದು ಮರೆಯುತ್ತದೆ. ಆದರೆ ಎಲ್ಲವನ್ನೂ ಒತ್ತಡದ ತಲೆಗೆ ಕಟ್ಟಬೇಡಿ. ತಲೆಗೆ ಏಟು ಬಿದ್ದಿತ್ತಾ? ಗೋಡೆಗೆ ತಳ್ಳಿದ್ದರಾ? ಸ್ವಲ್ಪ ಹೊತ್ತು ಕಣ್ಣು ಕತ್ತಲೆ ಬಂದಿತ್ತಾ? ಮೆದುಳಿಗೆ ಪೆಟ್ಟಾಗಿ ಮರೆವು, ತಲೆನೋವು, ಸಿಡುಕು, ಬೆಳಕು ಕಂಡರೆ ಕಿರಿಕಿರಿ ಬರುವುದುಂಟು. ಇವನ್ನು ‘ಟೆನ್ಷನ್’ ಅಂತ ತಳ್ಳಿಹಾಕುವುದು ತುಂಬ ಸುಲಭ. ಕತ್ತು ಹಿಸುಕಿದಾಗ ಮೆದುಳಿಗೆ ಆಮ್ಲಜನಕ ಸಾಲದೆ ಆಗುವ ತೊಂದರೆಯೂ ಇದಕ್ಕೆ ಸೇರಬಹುದು.

ಅದಕ್ಕೇ ಡಾಕ್ಟರಿಗೆ ನಿಜ ಹೇಳಿ ಅನ್ನುತ್ತೇನೆ. ಹೋಗುವಾಗ ಗಂಡ ಜೊತೆಗೆ ಬಂದರೆ ‘ಹೆಂಗಸರ ಸಮಸ್ಯೆ, ನಾನೊಬ್ಬಳೇ ಮಾತಾಡಬೇಕು’ ಅನ್ನಿ. ಇಂಥ ರೋಗಿಯನ್ನು ಒಬ್ಬಳೇ ಇರುವಾಗ ಕೇಳಬೇಕು, ತೀರ್ಪು ಕೊಡದೆ ಕೇಳಿಸಿಕೊಳ್ಳಬೇಕು, ಯಾವುದಕ್ಕೂ ಒತ್ತಾಯ ಮಾಡಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲೇ ಮಾರ್ಗಸೂಚಿ ಕೊಟ್ಟಿದೆ. ಎಲ್ಲ ಡಾಕ್ಟರೂ ಹಾಗೆ ನಡೆದುಕೊಳ್ಳುತ್ತಾರೆ ಅಂತ ನಾನು ಆಣೆ ಮಾಡುವುದಿಲ್ಲ. ಒಬ್ಬರು ಸರಿಯಾಗಿ ಕೇಳಿಸಿಕೊಳ್ಳದಿದ್ದರೆ ಇನ್ನೊಬ್ಬರನ್ನು ನೋಡಿ. ಅದೇ ಸಂಸ್ಥೆಯ ಅದೇ ವರ್ಷದ ವರದಿಯ ಪ್ರಕಾರ ಸಂಗಾತಿಯ ಹಿಂಸೆ ಕಂಡ ಹೆಂಗಸರಲ್ಲಿ ಖಿನ್ನತೆಯ ಸಾಧ್ಯತೆ ಸುಮಾರು ಎರಡು ಪಟ್ಟು. 2021ರ ಅಂದಾಜಿನಲ್ಲಿ, ಸಂಗಾತಿಯಿಂದ ಮೈಮೇಲಿನ ಅಥವಾ ಲೈಂಗಿಕ ಹಿಂಸೆ, ಇಲ್ಲವೇ ಬೇರೆಯವರಿಂದ ಲೈಂಗಿಕ ಹಿಂಸೆ ಕಂಡವರು ಲೋಕದ ಮೂವರು ಹೆಂಗಸರಲ್ಲಿ ಸುಮಾರು ಒಬ್ಬರು. ಡಾಕ್ಟರಿಗೆ ನಿಮ್ಮ ಕಥೆ ಹೊಸದಾಗಿರುವುದಿಲ್ಲ.

ನಿದ್ದೆ ಮಾತ್ರೆಯ ಬಗ್ಗೆ ನನಗೆ ಒಂದು ತಕರಾರಿದೆ. ರಾತ್ರಿ ಎಚ್ಚರವಾಗಿರಬೇಕಾದ ಮನೆಯಲ್ಲಿ ಮಂಪರು ಬರಿಸುವ ಮಾತ್ರೆ ಅಪಾಯ. ಮಗು ಅತ್ತರೆ ಏಳಲಾಗುವುದಿಲ್ಲ, ಓಡಬೇಕಾದರೆ ಕಾಲು ಏಳುವುದಿಲ್ಲ. ಕೆಲವು ಮಾತ್ರೆಗಳು ಬೇಗ ಅಭ್ಯಾಸವೂ ಆಗುತ್ತವೆ. ಆದರೆ ನೀವೇ ದಿಢೀರ್ ಅಂತ ನಿಲ್ಲಿಸಬೇಡಿ, ಅದೂ ತೊಂದರೆ. ಖಿನ್ನತೆ ಇದ್ದರೆ ಅದಕ್ಕೆ ಬೇರೆ ಔಷಧಿ ಇದೆ, ಅದು ಒಳ್ಳೆಯ ಕೆಲಸ ಮಾಡುತ್ತದೆ. ಡಾಕ್ಟರಿಗೆ ಮನೆಯ ಸ್ಥಿತಿ ಗೊತ್ತಾದರೆ ಬೇರೆ ಥರ ಯೋಚಿಸುತ್ತಾರೆ.

ಎದೆ ಹೊಡೆದುಕೊಳ್ಳುವಾಗ ಒಂದು ಉಪಾಯ ಉಪಯೋಗಕ್ಕೆ ಬರುತ್ತದೆ. ಎರಡೂ ಪಾದ ನೆಲಕ್ಕೆ ಒತ್ತಿ. ಉಸಿರು ಎಳೆದುಕೊಳ್ಳುವುದಕ್ಕಿಂತ ಬಿಡುವುದು ಉದ್ದ ಇರಲಿ. ಕಣ್ಣು ತೆರೆದೇ ಇರಲಿ. ಕಣ್ಣು ಮುಚ್ಚಿ ಧ್ಯಾನ ಮಾಡಿ ಅನ್ನುವ ಸಲಹೆ ಎಲ್ಲರಿಗೂ ಒಗ್ಗುವುದಿಲ್ಲ. ಏಟಿನ ನೆನಪಿರುವವರಿಗೆ ಕಣ್ಣು ಮುಚ್ಚಿದರೆ ಹೆದರಿಕೆ ಏರಬಹುದು. ಇಷ್ಟರಿಂದ ನಿಮ್ಮ ಒತ್ತಡ ಹೋಗುವುದಿಲ್ಲ. ಮಗಳ ಮೇಲೆ ಕೈ ಏಳುವ ಆ ಹತ್ತು ಸೆಕೆಂಡು ದಾಟಬಹುದು, ಅಷ್ಟಕ್ಕೇ ಇದು. ‘ಯೋಗ ಮಾಡು, ಒಳ್ಳೆಯದನ್ನೇ ಯೋಚಿಸು’ ಅಂತ ಕೈ ತೊಳೆದುಕೊಳ್ಳುವವರ ಮೇಲೆ ನನಗೆ ಸಿಟ್ಟಿದೆ. ಹೊಗೆ ಬಂದಾಗ ಬಡಿದುಕೊಳ್ಳುವ ಗಂಟೆಗೆ ಬಟ್ಟೆ ಸುತ್ತಿದರೆ ಬೆಂಕಿ ಆರುವುದಿಲ್ಲ ಅಲ್ವಾ?

‘ಮಕ್ಕಳಿಗೋಸ್ಕರ ಸಹಿಸಿಕೋ’ ಅನ್ನುವ ಮಾತಿಗೆ ಬರುತ್ತೇನೆ. ಪಕ್ಕದ ಕೋಣೆಯಲ್ಲಿ ಮಲಗಿದ ಮಗುವಿಗೆ ಗೊತ್ತಾಗುವುದಿಲ್ಲ ಅಂತ ದೊಡ್ಡವರು ನಂಬುತ್ತಾರೆ. ಮಕ್ಕಳಿಗೆ ಎಲ್ಲ ಕೇಳಿಸುತ್ತದೆ. ಹಾಸಿಗೆ ಒದ್ದೆ ಮಾಡುವುದು, ಕಾರಣವಿಲ್ಲದ ಹೊಟ್ಟೆನೋವು, ಅಮ್ಮನ ಸೆರಗು ಬಿಡದಿರುವುದು ಚಿಕ್ಕವರಲ್ಲಿ. ನಿಮ್ಮ ಮಗಳ ವಯಸ್ಸಿನವರು ಕೆಲವೊಮ್ಮೆ ತೀರಾ ಒಳ್ಳೆಯ ಮಕ್ಕಳಾಗಿಬಿಡುತ್ತಾರೆ. ತಮ್ಮನನ್ನು ನೋಡಿಕೊಳ್ಳುತ್ತಾರೆ, ಅಪ್ಪನ ಮೂಡು ನೋಡಿ ಮಾತಾಡುತ್ತಾರೆ. ಎಲ್ಲರೂ ‘ಎಷ್ಟು ಜಾಣೆ’ ಅನ್ನುತ್ತಾರೆ. ಅದು ಜಾಣತನ ಅಲ್ಲ, ಅವಳೂ ಕಾವಲು ಕೂತಿದ್ದಾಳೆ. 1998ರಲ್ಲಿ ಅಮೆರಿಕದಿಂದ ಬಂದ, ಬಾಲ್ಯದ ಕಹಿ ಅನುಭವಗಳ ಹೆಸರಾಂತ ಅಧ್ಯಯನದಲ್ಲಿ ತಾಯಿಗೆ ಏಟು ಬೀಳುವುದನ್ನು ನೋಡಿ ಬೆಳೆಯುವುದನ್ನೂ ಒಂದು ಪೆಟ್ಟು ಅಂತಲೇ ಲೆಕ್ಕ ಹಾಕಿದ್ದರು. ಇಂಥ ಪೆಟ್ಟುಗಳು ಹೆಚ್ಚಾದಷ್ಟೂ ದೊಡ್ಡವರಾದ ಮೇಲಿನ ಕಾಯಿಲೆಗಳೂ ಹೆಚ್ಚು ಕಂಡವು.

ಇದನ್ನು ಓದಿ ‘ಮುಗಿಯಿತು, ನನ್ನ ಮಕ್ಕಳ ಬದುಕು ಹಾಳಾಯಿತು’ ಅಂದುಕೊಳ್ಳಬೇಡಿ. ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮಿ ವರ್ನರ್ ಎಂಬ ಮನಶ್ಶಾಸ್ತ್ರಜ್ಞೆ ಮತ್ತು ಜೊತೆಗಾರರು ದಶಕಗಳ ಕಾಲ ಹಿಂಬಾಲಿಸಿದರು. ಬಹಳ ಕಷ್ಟದ ಮನೆಗಳಲ್ಲಿ ಬೆಳೆದವರಲ್ಲಿ ಮೂರರಲ್ಲಿ ಒಂದು ಪಾಲು ಮಕ್ಕಳು ಚೆನ್ನಾಗಿಯೇ ಬೆಳೆದರು. ಅವರಿಗೆ ಸಿಕ್ಕಿದ್ದರಲ್ಲಿ ಮುಖ್ಯವಾದದ್ದು, ಗಟ್ಟಿಯಾಗಿ ಜೊತೆಗಿದ್ದ ಒಬ್ಬರಾದರೂ ದೊಡ್ಡವರು. ಹಾಗಾಗಿ ‘ಮಕ್ಕಳಿಗೋಸ್ಕರ’ ಅನ್ನುವುದಾದರೆ ಮೊದಲು ಉಳಿಸಿಕೊಳ್ಳಬೇಕಾದದ್ದು ನಿಮ್ಮನ್ನೇ.

ಮನೆ ಬಿಡಿ ಅಂತ ನಾನು ಹೇಳುವುದಿಲ್ಲ, ಇರಿ ಅಂತಲೂ ಹೇಳುವುದಿಲ್ಲ. ಅದು ನಿಮ್ಮ ತೀರ್ಮಾನ. ಮನೆಯ ಗಾಳಿ ಯಾವ ಕಡೆ ಬೀಸುತ್ತದೆ ಅಂತ ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಒಂದು ಮಾತ್ರ ನೆನಪಿರಲಿ. ಹೊರಡುವ ಹೊತ್ತು, ಹೊರಟ ಮೊದಲ ಕೆಲವು ತಿಂಗಳು ಅತ್ಯಂತ ಅಪಾಯದ ಹೊತ್ತು. ಸಿಟ್ಟಿನಲ್ಲಿ ‘ನಾಳೆನೇ ಹೋಗ್ತೀನಿ’ ಅಂತ ಹೇಳಬೇಡಿ. ತಯಾರಿ ಮೊದಲು, ಮಾತು ಆಮೇಲೆ. ನಂಬುವ ಒಬ್ಬರಿಗೆ ವಿಷಯ ಪೂರ್ತಿ ಗೊತ್ತಿರಲಿ. ಅವರ ಜೊತೆ ಒಂದು ಗುಟ್ಟಿನ ಪದ ಇಟ್ಟುಕೊಳ್ಳಿ, ಫೋನಿನಲ್ಲಿ ಆ ಪದ ಬಂದರೆ ಅವರು ಸಹಾಯಕ್ಕೆ ಕರೆ ಮಾಡಬೇಕು. ಗುರುತಿನ ಚೀಟಿ, ಮಕ್ಕಳ ಜನನ ಪತ್ರ, ಬ್ಯಾಂಕಿನ ಕಾಗದ, ಆಸ್ಪತ್ರೆ ಚೀಟಿಗಳ ನಕಲು ಮನೆಯ ಹೊರಗೆ ಇರಲಿ. ಜಗಳ ಏರಿದರೆ ಅಡುಗೆಮನೆ, ಬಚ್ಚಲುಮನೆಗಳಿಂದ ದೂರ ಸರಿಯಿರಿ. ಒಂದು ಕಡೆ ಚಾಕು, ಇನ್ನೊಂದು ಕಡೆ ಹೊರಗೆ ಓಡಲು ದಾರಿ ಇಲ್ಲ. ಸಹಾಯವಾಣಿಗೆ ಕರೆ ಮಾಡುವುದಾದರೆ ಬೇರೆಯವರ ಫೋನಿನಿಂದ ಮಾಡಿ. ಮಗಳಿಗೆ ‘ನಡುವೆ ಬರಬೇಡ, ತಮ್ಮನನ್ನು ಕರೆದುಕೊಂಡು ಇಂಥವರ ಮನೆಗೆ ಹೋಗು’ ಅಂತ ಮೊದಲೇ ಹೇಳಿಕೊಡಿ. ನಿಮ್ಮನ್ನು ಬಿಡಿಸಲು ಬಂದು ಪೆಟ್ಟು ತಿನ್ನುವ ಮಕ್ಕಳು ಬಹಳ.

ಗಂಡ ಹೆಂಡತಿ ಒಟ್ಟಿಗೆ ಕೂತು ಕೌನ್ಸೆಲಿಂಗ್ ಮಾಡಿಸಿ ಅಂತ ಯಾರಾದರೂ ಹೇಳಬಹುದು. ಹೊಡೆತ ನಿಲ್ಲುವವರೆಗೆ ಬೇಡ. ಅಲ್ಲಿ ನೀವು ಬಾಯಿಬಿಟ್ಟ ನಿಜಕ್ಕೆ ಮನೆಗೆ ಬಂದು ಬೆಲೆ ತೆರಬೇಕಾಗುತ್ತದೆ.

ನಾಳೆ ನೀವು ಸುರಕ್ಷಿತವಾದ ಜಾಗಕ್ಕೆ ಹೋದಿರಿ ಅಂತಿಟ್ಟುಕೊಳ್ಳಿ. ಆಗ ಒತ್ತಡ ತಕ್ಷಣ ಇಳಿಯದೆ, ಕೆಲವು ಕಾಲ ಜಾಸ್ತಿಯೇ ಆಗಬಹುದು. ಕೆಟ್ಟ ಕನಸು, ಬೆಚ್ಚಿಬೀಳುವುದು, ಅಳು. ‘ಅಲ್ಲೇ ಚೆನ್ನಾಗಿದ್ದೆನೇನೋ’ ಅನ್ನಿಸಿ ಬಹಳ ಜನ ವಾಪಸ್ಸು ಹೋಗುವುದು ಈ ಹೊತ್ತಿನಲ್ಲೇ. ಅಷ್ಟು ದಿನ ಅಳಲು ಪುರುಸೊತ್ತಿಲ್ಲದ ಮೈ ಈಗ ಅಳುತ್ತಿದೆ, ಅಷ್ಟೇ. ಜುಡಿತ್ ಹರ್ಮನ್ ಎಂಬ ಮನೋವೈದ್ಯೆ 1992ರಲ್ಲಿ ಹೇಳಿದ ಕ್ರಮವನ್ನೇ ನಾವು ಇವತ್ತಿಗೂ ಹಿಡಿದಿದ್ದೇವೆ. ಮೊದಲು ಸುರಕ್ಷತೆ, ಆಮೇಲೆ ನೆನಪುಗಳ ಕೆಲಸ, ಆಮೇಲೆ ಹೊಸ ಬದುಕು. ವರ್ಷಗಟ್ಟಲೆ ಹಿಂಸೆ ಕಂಡವರಿಗೆ ಬರುವ ಈ ಸ್ಥಿತಿಗೆ, 2022ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಲ್ಲಿ ಬೇರೆ ಹೆಸರೇ ಇದೆ. ಚಿಕಿತ್ಸೆಯೂ ಇದೆ.

ಉಳಿದದ್ದು ನಿಮ್ಮ ಮಗಳ ಮಾತು. ‘ನೀನೂ ಅಪ್ಪನ ಥರಾನೇ’ ಅಂದಾಗ ಎದೆಗೆ ಚುಚ್ಚಿರುತ್ತದೆ. ಆದರೆ ನೋಡಿ, ಆ ಮಾತನ್ನು ಅವಳು ನಿಮ್ಮ ಮುಖಕ್ಕೇ ಹೇಳಿದಳು. ಅಪ್ಪನಿಗೆ ಹೀಗೆ ಹೇಳುತ್ತಾಳಾ? ಹೇಳಿದರೂ ಏನೂ ಆಗುವುದಿಲ್ಲ ಅನ್ನುವ ನಂಬಿಕೆ ಅವಳಿಗೆ ನಿಮ್ಮ ಮೇಲೆ ಇನ್ನೂ ಇದೆ. ಎಡ್ವರ್ಡ್ ಟ್ರಾನಿಕ್ ಎಂಬ ಮನಶ್ಶಾಸ್ತ್ರಜ್ಞ ತಾಯಿ ಮಗುವಿನ ಒಡನಾಟವನ್ನು ಕ್ಷಣ ಕ್ಷಣವೂ ಅಳೆದು ನೋಡಿದರು. ಯಾವ ತೊಂದರೆಯೂ ಇಲ್ಲದ ತಾಯಿ ಮಕ್ಕಳೂ ಹೊಂದಿಕೊಂಡಿರುವುದು ಸುಮಾರು ಮೂರರಲ್ಲಿ ಒಂದು ಪಾಲು ಹೊತ್ತು ಮಾತ್ರ. ಉಳಿದ ಹೊತ್ತು ತಪ್ಪುತ್ತಾರೆ, ಮತ್ತೆ ಹೊಂದಿಸಿಕೊಳ್ಳುತ್ತಾರೆ. ಮಗು ಕಲಿಯುವುದು ಈ ಹೊಂದಿಸಿಕೊಳ್ಳುವುದರಿಂದ.

ಗಂಡ ಮನೆಯಲ್ಲಿ ಇಲ್ಲದ ಹೊತ್ತು ನೋಡಿ ಅವಳ ಪಕ್ಕ ಕೂತುಕೊಳ್ಳಿ. ‘ಅವತ್ತು ನಿನಗೆ ಹೊಡೆದೆ. ಅದು ತಪ್ಪು. ನಿನ್ನ ತಪ್ಪಲ್ಲ, ನನ್ನದು. ನನಗೆ ಹೆದರಿಕೆ ಆಗಿತ್ತು, ಆದರೂ ಹೊಡೆಯಬಾರದಿತ್ತು’ ಅನ್ನಿ. ‘ನೀನು ಹಟ ಮಾಡಿದ್ದಕ್ಕೆ’ ಅನ್ನುವ ಬಾಲ ಸೇರಿಸಬೇಡಿ. ಅಪ್ಪನನ್ನು ಬೈಯಬೇಡಿ, ಅವರ ಪರವೂ ಮಾತಾಡಬೇಡಿ. ‘ಮನೆಯಲ್ಲಿ ಆಗುವ ಜಗಳಕ್ಕೆ ನೀನು ಕಾರಣ ಅಲ್ಲ’ ಅನ್ನುವುದು ಅವಳ ಕಿವಿಗೆ ಬೀಳಬೇಕು. ಬಹಳ ಮಕ್ಕಳು ತಮ್ಮಿಂದಲೇ ಅಂತ ನಂಬಿರುತ್ತಾರೆ. ಅವಳು ಉತ್ತರ ಕೊಡದೆ ಎದ್ದು ಆಟಕ್ಕೆ ಹೋಗಬಹುದು. ಹೋಗಲಿ ಬಿಡಿ, ಕೇಳಿಸಿಕೊಂಡಿರುತ್ತಾಳೆ.

ಮತ್ತೆ ಬರೆಯುವುದಾದರೆ ನಂಬಿಕಸ್ತರ ಫೋನಿನಿಂದ ಬರೆಯಿರಿ. ಇದನ್ನು ಓದಿದ್ದು ನಿಮ್ಮ ಫೋನಿನಲ್ಲೇ ಆಗಿದ್ದರೆ ಇವತ್ತಿನ ಹುಡುಕಾಟದ ಗುರುತು ಅಳಿಸಿ. ಪೂರ್ತಿ ಖಾಲಿ ಮಾಡಿದರೂ ಅನುಮಾನ ಬರುತ್ತದೆ, ಇದೊಂದನ್ನು ಮಾತ್ರ ತೆಗೆಯಿರಿ.